ಬಾಯಿ ತಾಗೋ ಕಟಿಗಿಗೆ ಬಾಯಿಗೆ ಹೋಗೋ ಎಣ್ಣಿ

ಹೆಸರು ಬಿಡಿಸಿದ್ದಾತು, ಹೊಲ ಹರಗಿದ್ದೂ ಆತು. ಇನ್ನ ಹಿಂಗಾರಿ ಬಿತ್ತಿಗಿಗೆ ಕೂರಿಗಿ, ಕುಂಟಿ ಅಟ್ಟದಿಂದ ಕೆಳಗ ಇಳಿಯೋ ಹೊತ್ತು. ನಮ್ಮ ಅಸೂಟಿ ಕಡೆ ಈ ಹೊತ್ತಿನಾಗ ಒಂದು ಕೆಲಸ ತಪ್ಪದ ನಡೀತೈತಿ. ಗ್ಯಾರೇಜಿನಿಂದ ಒಂದು ಡಬ್ಬಿ ಸುಟ್ಟ ಆಯಿಲ್ ತರೋದು, ಅರಿವಿ ಅದ್ದಿ ಕೂರಿಗಿಗೆ, ನೊಗಕ್ಕ, ಚಕ್ಕಡಿಗೆ ಬಳಿಯೋದು. ಡಬ್ಬಿಯೊಳಗ ಉಳಿದದ್ದನ್ನ ಚೆಲ್ಲಬಾರದು ಅಂತ ಗ್ವಾದಲಿ ಹಲಗಿಗೂ ಒಂದು ಕೈ ಎಳೀತಾರ. ಗೆದ್ದಲು ಹತ್ತಂಗಿಲ್ಲ, ರೊಕ್ಕನೂ ಹೋಗಂಗಿಲ್ಲ ಅನ್ನೋದು ಲೆಕ್ಕಾಚಾರ.

ಇವತ್ತು ಬರೀತಿರೋದು ಬೆಳಿ ಬಗ್ಗೆ ಅಲ್ಲ, ಕಟಿಗಿಗೆ ಹಚ್ಚೋ ಎಣ್ಣಿ ಬಗ್ಗೆ. ಆದರ ಕಡೀಕ ಮಾತು ಹೊಲಕ್ಕ ಬರತೈತಿ, ಓದ್ಕೋತ ಹೋಗ್ರಿ. ನನ್ನ ಅಭಿಪ್ರಾಯ ಮೊದಲಿಗೇ ಹೇಳಿಬಿಡ್ತೀನಿ. ದನ ನೆಕ್ಕೋ ಗ್ವಾದಲಿ, ಹಿಟ್ಟು ನಾದೋ ಕೊಣಮಿಗಿ, ಲಟ್ಟಣಿಗಿ, ಕೂಸು ಕಚ್ಚೋ ತೊಟ್ಟಿಲ ಅಂಚು, ಇವಕ್ಕೆಲ್ಲ ಮನುಷ್ಯಾ ತಿನ್ನಬಹುದಾದ ಎಣ್ಣಿನ ಹಚ್ಚಬೇಕು. ಅದರಾಗೂ ಒಣಗಿ ಗಟ್ಟಿ ಆಗೋ ಎಣ್ಣಿನ ಹಚ್ಚಬೇಕು. ಅಂಥ ಎಣ್ಣಿ ನಮ್ಮ ಎರಿ ಹೊಲದಾಗ ಬೆಳೀತಿತ್ತು. ಇವತ್ತು ನಾವು ಅದನ್ನ ಚಟ್ನಿಗೆ ಅಂತ ಪಾವುಶೇರು ಲೆಕ್ಕದಾಗ ಕೊಂಡು ತರ್ತೀವಿ.

ಮೊದಲ ಸುಟ್ಟ ಆಯಿಲ್ ವಿಚಾರ. ಎಂಜಿನ್ ಒಳಗ ಸಾವಿರಾರು ಕಿಲೋಮೀಟರ್ ಓಡಿದ ಎಣ್ಣಿಯೊಳಗ ಮಸಿ ಇರತೈತಿ, ಸವೆದ ಲೋಹದ ಪುಡಿ ಇರತೈತಿ, ಸುಟ್ಟ ಇಂಧನದಿಂದ ಹುಟ್ಟಿದ ಕ್ಯಾನ್ಸರ್‌ಕಾರಕ ರಾಸಾಯನಿಕನೂ ಇರತಾವ. ದನಕ್ಕ ಸೀಸದ ವಿಷ ಏರೋ ದಾರಿಗಳ ಪೈಕಿ ಹಳೇ ಬ್ಯಾಟರಿ, ಸೀಸದ ಬಣ್ಣ, ಎಂಜಿನ್ನಿನ ಸುಟ್ಟ ಎಣ್ಣಿ, ಈ ಮೂರನ್ನೂ ಪಶುವೈದ್ಯರು ಮೊದಲಿಂದ ಹೆಸರಿಸಿಕೊಂಡು ಬಂದಾರ. ನಮ್ಮ ದೇಶದಾಗ ಪೆಟ್ರೋಲಿನಿಂದ ಸೀಸ ತೆಗೆದದ್ದು 2000ರಲ್ಲಿ. ಹಂಗಾಗಿ ಸುಟ್ಟ ಎಣ್ಣಿಯೊಳಗಿನ ಸೀಸ ಮೊದಲಿಗಿಂತ ಕಡಿಮಿ ಆಗಿರತೈತಿ, ಖರೆ. ಉಳಿದ ವಿಷ ಎಲ್ಲಿಗೂ ಹೋಗಿಲ್ಲ. ದನ ಬಾಯಿಲೇ ಲೋಕ ನೋಡೋ ಪ್ರಾಣಿ, ಕರುವಂತೂ ಕಂಡದ್ದೆಲ್ಲ ನೆಕ್ಕತೈತಿ. ಉಪ್ಪಿನಂಶ ಕಡಿಮಿ ಬಿದ್ದ ಆಕಳು ಗ್ವಾದಲಿ ಅಂಚನ್ನ ತಾಸುಗಟ್ಲೆ ನೆಕ್ಕೋದು ನೀವೂ ನೋಡಿರ್ತೀರಿ. ಆ ಆಕಳ ಹಾಲು ಕುಡಿಯೋರು ನಾವ.

ಈಗ ಅಡಗಿ ಮನಿಗೆ ಬರೋಣ. ಮದುವಿ ಸಾಮಾನಿನ ಜೋಡಿ ಬರೋ ಹೊಸ ಲಟ್ಟಣಿಗಿ, ಮಣಿ, ಮಸಾಲಿ ಡಬ್ಬಿ ನೋಡ್ರಿ. ಕನ್ನಡಿ ಹಂಗ ಮಿಂಚತಾವ. ಆ ಮಿಂಚು ಕಟಿಗಿದಲ್ಲ, ಮ್ಯಾಲ ಹೊಡೆದ ವಾರ್ನಿಶ್‌ದು. ಆರು ತಿಂಗಳು ಬಳಸಿದಿರಿ ಅಂದ್ರ ಅಲ್ಲಲ್ಲಿ ಮಿಂಚು ಮಾಯ ಆಗಿರತೈತಿ. ಎಲ್ಲಿ ಹೋತು ಅದು? ಅರ್ಧ ತಿಕ್ಕಿ ತೊಳೆದ ನೀರಿನ ಜೋಡಿ ಹೋತು, ಇನ್ನರ್ಧ ಚಪಾತಿ ಜೋಡಿ ಹೋತು.

ಇದಕ್ಕ ಒಂದು ಎದುರು ವಾದ ಐತಿ. ಅದನ್ನ ಹೇಳದ ಮುಂದ ಹೋದರ ಸರಿ ಆಗಂಗಿಲ್ಲ. ಪಾಲಿಶ್ ಕೆಲಸ ಬಲ್ಲವರು ಹೇಳೋದು ಹಿಂಗ: ಯಾವುದ ವಾರ್ನಿಶ್ ಆಗಲಿ, ಪಿಯು ಆಗಲಿ, ಪೂರ್ತಿ ಗಟ್ಟಿ ಆದ ಮ್ಯಾಲ, ಅಂದ್ರ ಸುಮಾರು ಒಂದು ತಿಂಗಳು ಕಳೆದ ಮ್ಯಾಲ, ಅದರಾಗಿನ ತಿನ್ನರ್ ಹಾರಿ ಹೋಗಿರತೈತಿ. ಉಳಿಯೋದು ಪ್ಲಾಸ್ಟಿಕ್‌ನಂಥ ಪದರ. ಅದು ಊಟಕ್ಕ ಏನನ್ನೂ ಬಿಡಂಗಿಲ್ಲ. ಈ ಮಾತಿನೊಳಗ ಸತ್ಯ ಐತಿ. ಊಟದ ಮೇಜಿಗೆ, ಕುರ್ಚಿಗೆ, ಕಪಾಟಿಗೆ ಇದು ಸಾಕು, ಅಲ್ಲಿ ಪಿಯು ಹೊಡೆಸಿದರ ನನ್ನ ತಕರಾರು ಏನೂ ಇಲ್ಲ.

ಆದರ ಆ ವಾದ ನಿಂತಿರೋದು ಎರಡು ಕಂಬದ ಮ್ಯಾಲ. ಒಂದು, ಪದರ ಪೂರ್ತಿ ಗಟ್ಟಿ ಆಗಿರಬೇಕು. ಅಂಗಡಿಗೆ ಬಂದ ಮಾಲು ಹೊಡೆದ ಮರುದಿನ ಪ್ಯಾಕ್ ಆತೋ, ತಿಂಗಳು ಬಿಟ್ಟು ಆತೋ, ನಿಮಗ ಗೊತ್ತಾಗಂಗಿಲ್ಲ. ಎರಡು, ಪದರ ಒಡೀಬಾರದು. ಲಟ್ಟಣಿಗಿ ಉಜ್ಜತೈತಿ, ಚಾಕು ಕೊಯ್ಯತೈತಿ, ಕೂಸಿನ ಹಲ್ಲು ಕಚ್ಚತೈತಿ, ಆಕಳ ನಾಲಿಗಿಯಂತೂ ಸ್ಯಾಂಡ್ ಪೇಪರ್ ಇದ್ದಂಗ. ಇಂಥ ಜಾಗದಾಗ ಪದರ ಒಡೆದ ತೀರತೈತಿ, ಸಿಪ್ಪಿ ಎದ್ದ ಏಳತೈತಿ. ಎಣ್ಣಿ ಹಚ್ಚಿದ ಕಟಿಗಿಯೊಳಗ ಮ್ಯಾಲ ಕೂತ ಪದರ ಅನ್ನೋದ ಬಹುತೇಕ ಇರಂಗಿಲ್ಲ. ಎಣ್ಣಿ ಕಟಿಗಿ ರಂಧ್ರದೊಳಗ ಇಳಿದು ಅಲ್ಲೇ ಗಟ್ಟಿ ಆಗಿರತೈತಿ. ಸವೆದರ ಕಟಿಗಿ ಜೋಡಿನ ಸವೀತೈತಿ. ಮತ್ತ ಒಂದು ಕೈ ಹಚ್ಚಿದರ ಮುಗೀತು.

ಬಣ್ಣದ ವಿಷಯದಾಗ ಸರಕಾರವೂ ತಡವಾಗಿ ಎಚ್ಚೆತ್ತುಕೊಂಡಿತು. ಮನಿಗೆ ಹಚ್ಚೋ ಬಣ್ಣದಾಗ ಸೀಸ 90 ಪಿಪಿಎಂಗಿಂತ ಹೆಚ್ಚು ಇರಬಾರದು ಅಂತ 2016ರಲ್ಲಿ ನಿಯಮ ಆತು, ಜಾರಿಗೆ ಬಂದದ್ದು 2017ರ ನವೆಂಬರ್‌ನಿಂದ. ಅಂದ್ರ ಅದಕ್ಕಿಂತ ಮೊದಲು ಬಣ್ಣ ಬಳಿದ ಹಳೇ ತೊಟ್ಟಿಲು, ಬಾಗಿಲು, ಕಿಡಕಿ ಮನಿಯೊಳಗ ಇದ್ದರ ಅದರ ಬಣ್ಣ ಕೆರೆಯೋ ಮುಂಚೆ ವಿಚಾರ ಮಾಡ್ರಿ. ಒಣ ಕೆರೆದು ಧೂಳು ಎಬ್ಬಿಸಬ್ಯಾಡ್ರಿ, ಕೂಸು ಇರೋ ಮನಿಯಾಗಂತೂ ಬ್ಯಾಡ.

ಇನ್ನ ಎಣ್ಣಿ ಮಾತು. ಎಣ್ಣಿ ಎಲ್ಲಾ ಒಂದ ಅಲ್ಲ. ಕೆಲವು ಎಣ್ಣಿ ಗಾಳಿಗೆ ಇಟ್ಟರ ಒಣಗತಾವ, ಕೆಲವು ಎಷ್ಟು ವರ್ಷ ಇಟ್ಟರೂ ಒಣಗಂಗಿಲ್ಲ. ಇಲ್ಲಿ ಒಣಗೋದು ಅಂದ್ರ ಅರಿವಿ ಒಣಗಿದಂಗ ಅಲ್ಲ. ಅರಿವಿಯಿಂದ ನೀರು ಹಾರಿ ಹೋಗಿ ತೂಕ ಇಳೀತೈತಿ. ಎಣ್ಣಿ ಹಂಗಲ್ಲ, ಗಾಳಿಯೊಳಗಿನ ಆಮ್ಲಜನಕ ಹೀರಿಕೊಂಡು ಅದರ ಕಣಗಳು ಒಂದಕ್ಕೊಂದು ಕೈ ಹಿಡಕೊಂಡು ಜಾಲ ಆಗತಾವ. ತೂಕ ಕಡಿಮಿ ಆಗೋದಿಲ್ಲ, ಹೆಚ್ಚಾಗತೈತಿ. ಒಮ್ಮೆ ಜಾಲ ಆತಂದ್ರ ಅದು ಎಣ್ಣಿ ಅಲ್ಲ, ಒಂದು ನಮೂನಿ ರಾಳ. ನೀರಿಗೂ ಕರಗಂಗಿಲ್ಲ, ಬಿಸಲಿಗೂ ಕರಗಂಗಿಲ್ಲ.

ಯಾವ ಎಣ್ಣಿ ಎಷ್ಟು ಒಣಗತೈತಿ ಅಂತ ತಿಳಿಯೋಕ ಅಯೋಡಿನ್ ಸಂಖ್ಯೆ ಅಂತ ಒಂದು ಅಳತಿ ಐತಿ. ಹೆಚ್ಚು ಇದ್ದಷ್ಟು ಹೆಚ್ಚು ಒಣಗೋ ಗುಣ. ಸುಮಾರು 130ಕ್ಕ ಮ್ಯಾಲ ಇದ್ದರ ಒಣಗೋ ಎಣ್ಣಿ ಅಂತಾರ. ನಮ್ಮ ಹೊಲದ ಕಾಳುಗಳನ್ನ ಈ ಲೆಕ್ಕಕ್ಕ ಹಚ್ಚಿ ನೋಡ್ರಿ. ಅಗಸಿ 170ರಿಂದ 200, ಎಲ್ಲಕ್ಕಿಂತ ಮುಂದ. ಕುಸುಬಿ 140ರ ಆಜೂಬಾಜು, ಅದೂ ಒಣಗೋ ಎಣ್ಣಿನ, ಆದರ ಅಗಸಿಗಿಂತ ನಿಧಾನ. ಗುರೆಳ್ಳು, ಸೂರ್ಯಕಾಂತಿ 130ರ ಆಚೀಚೆ, ಗಡಿ ಮ್ಯಾಲ ನಿಂತಾವ. ಎಳ್ಳು 110ರ ಹತ್ರ, ಅರ್ಧಂಬರ್ಧ. ಶೇಂಗಾ 85ರಿಂದ 105, ಒಣಗಂಗಿಲ್ಲ. ಔಡಲ ಅದಕ್ಕಿಂತ ಕೆಳಗ. ಕೊಬ್ಬರಿ ಎಣ್ಣಿ 10ರ ಹತ್ರ, ಅದರ ಮಾತ ಬ್ಯಾಡ.

ಹಿಂಗಾಗಿ ಅಡಗಿ ಮನಿಯಾಗ ಕೈಗೆ ಸಿಕ್ಕ ಶೇಂಗಾ ಎಣ್ಣಿಯನ್ನ ಲಟ್ಟಣಿಗಿಗೆ, ಮಣಿಗೆ ಹಚ್ಚೋದು ಕೆಲಸ ಕೊಡಂಗಿಲ್ಲ. ಆವತ್ತಿಗೆ ಚಂದ ಕಾಣತೈತಿ. ಹದಿನೈದು ದಿನಕ್ಕ ಅಂಟಂಟು, ತಿಂಗಳಿಗೆ ಕಮಟು ವಾಸನಿ. ಔಡಲೆಣ್ಣಿ ಬೇರೆ ಕೆಲಸಕ್ಕ ಹುಟ್ಟಿದ್ದು. ಚಕ್ಕಡಿ ಅಚ್ಚಿಗೆ ಕೀಲೆಣ್ಣಿ ಅಂತ ಹಿರಿಯರು ಅದನ್ನ ಹಾಕ್ತಿದ್ದದ್ದು ಅದು ಒಣಗಂಗಿಲ್ಲ ಅನ್ನೋ ಕಾರಣಕ್ಕನ. ಗಾಲಿ ತಿರಗೋಕ ಒಣಗದ ಎಣ್ಣಿ ಬೇಕು, ಹಲಗಿ ಕಾಯೋಕ ಒಣಗೋ ಎಣ್ಣಿ ಬೇಕು. ಅಯೋಡಿನ್ ಸಂಖ್ಯೆ ಅವರಿಗೆ ಗೊತ್ತಿರಲಿಲ್ಲ, ಕೈಗೆ ಗೊತ್ತಿತ್ತು.

ಮನಿಯಾಗ ಪರೀಕ್ಷಾ ಮಾಡೋದು ಸರಳ ಐತ್ರಿ. ಒಂದು ಗಾಜಿನ ತುಣುಕಿನ ಮ್ಯಾಲ ನಿಮ್ಮ ಹತ್ರ ಇರೋ ಎಣ್ಣಿ ಒಂದೊಂದು ಹನಿ ಬೆರಳಿಲೇ ತೆಳ್ಳಗ ಸವರ್ರಿ. ಹೆಸರು ಬರೆದು ಮಾಳಿಗಿ ಮ್ಯಾಲ ಬಿಸಲಿಗೆ ಇಡ್ರಿ. ಒಂದು ವಾರದಾಗ ಯಾವುದು ಚರ್ಮ ಕಟ್ಟತೈತಿ, ಯಾವುದು ಹಂಗ ಜಿಡ್ಡಾಗಿ ಉಳೀತೈತಿ, ಕಣ್ಣಿಗೆ ಕಾಣತೈತಿ. ಶಾಲಿ ಮಕ್ಕಳಿಗೆ ಮಾಡಿಸಿದರ ವಿಜ್ಞಾನದ ಪಾಠನೂ ಆತು.

ಅಗಸಿ ಎಣ್ಣಿ ಅಂದ ಕೂಡಲೇ ಇದೇನು ಹೊಸ ಹುಚ್ಚು ಅನ್ನಬ್ಯಾಡ್ರಿ. ಊರ ಹುಡುಗರು ಹೊಸ ಕ್ರಿಕೆಟ್ ಬ್ಯಾಟ್ ತಂದಾಗ ಲಿನ್ಸೀಡ್ ಆಯಿಲ್ ಹಚ್ಚಬೇಕು ಅಂತ ಬಾಟ್ಲಿ ಹುಡುಕಿ ತರ್ತಾರಲ್ಲ, ಅದು ನಮ್ಮ ಅಗಸಿ ಎಣ್ಣಿನ. ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಅನ್ನೋವ 1860ರ ಹೊತ್ತಿಗೆ ಇದೇ ಎಣ್ಣಿಯ ಚರ್ಮ ಕಟ್ಟೋ ಗುಣ ಹಿಡಕೊಂಡು, ಕಾರ್ಕಿನ ಪುಡಿ ಕೂಡಿಸಿ ನೆಲಕ್ಕ ಹಾಸೋ ಹಾಳಿ ಮಾಡಿದ. ಅದರ ಹೆಸರು ಲಿನೋಲಿಯಂ. ಲೈನಮ್ ಅಂದ್ರ ಅಗಸಿ, ಓಲಿಯಂ ಅಂದ್ರ ಎಣ್ಣಿ. ಆ ಕಾಲಕ್ಕ ಹಿಂದೂಸ್ತಾನದಿಂದ ಅಗಸಿ ಕಾಳು ಹಡಗು ತುಂಬಿ ಇಂಗ್ಲೆಂಡಿಗೆ ಹೋಗತಿತ್ತು. ನಮ್ಮ ಕಾಳು ಅವರ ಮನಿ ನೆಲ ಆತು, ಅವರ ಬಾಗಿಲಿಗೆ ಬಣ್ಣ ಆತು. ಇಲ್ಲಿ ನಮಗ ಉಳಿದದ್ದು ಚಟ್ನಿ. ಈಗ ಅದ ಎಣ್ಣಿ ಸಣ್ಣ ಡಬ್ಬಿಯೊಳಗ, ಫುಡ್ ಸೇಫ್ ಅಂತ ಚೀಟಿ ಅಂಟಿಸಿಕೊಂಡು, ಪರದೇಶದಿಂದ ವಾಪಸ್ ಬರತೈತಿ. ಪ್ಯಾಟಿ ಮಂದಿ ಕಟಿಗಿ ನೆಲಕ್ಕ ಹಚ್ಚೋಕ ಸಾವಿರಗಟ್ಲೆ ಕೊಟ್ಟು ಕೊಳ್ಳತಾರ.

ಆದರ ಅಂಗಡಿಗೆ ಹೋಗಿ ಲಿನ್ಸೀಡ್ ಆಯಿಲ್ ಕೊಡ್ರಿ ಅಂದ್ರ ಮೋಸ ಹೋಗಬ್ಯಾಡ್ರಿ. ಹಾರ್ಡ್‌ವೇರ್ ಅಂಗಡಿಯಾಗ ಸಿಗೋದು ಹೆಚ್ಚಾಗಿ ಡಬಲ್ ಬಾಯ್ಲ್ಡ್. ಹೆಸರು ಕೇಳಿ ಎರಡು ಸಲ ಕುದಿಸ್ಯಾರ ಅಂತ ತಿಳಕೋತೀವಿ. ಬೇಗ ಒಣಗಲಿ ಅಂತ ಅದಕ್ಕ ಕೋಬಾಲ್ಟ್, ಮ್ಯಾಂಗನೀಸ್ ಉಪ್ಪು ಕೂಡಿಸಿರತಾರ, ಹಿಂದಿನ ಕಾಲಕ್ಕ ಸೀಸ ಕೂಡಿಸ್ತಿದ್ದರು. ಬಾಗಿಲಿಗೆ ಅದು ನಡೀತೈತಿ, ಲಟ್ಟಣಿಗಿಗೆ ಬ್ಯಾಡ. ಟೀಕ್ ಆಯಿಲ್ ಅಂತ ಮಾರೋದೂ ಸಾಗವಾನಿಯಿಂದ ತೆಗೆದ ಎಣ್ಣಿ ಅಲ್ಲ. ಅದು ಎಣ್ಣಿ, ವಾರ್ನಿಶ್, ತಿನ್ನರ್ ಕೂಡಿಸಿದ ಮಿಶ್ರಣ. ಇನ್ನ ಕಿರಾಣಿ ಅಂಗಡಿಯ ರಿಫೈನ್ಡ್ ಸೂರ್ಯಕಾಂತಿ ಪ್ಯಾಕೆಟ್. ಎಣ್ಣಿ ಕೆಡಬಾರದು ಅಂತ ಅದಕ್ಕ ಸೇರಿಸೋ ವಸ್ತುಗಳು ಇರತಾವಲ್ಲ, ಅವು ಆಮ್ಲಜನಕ ಹೀರೋದನ್ನ ತಡೀತಾವ. ಹೀರದಿದ್ದರ ಒಣಗೋದು ಎಲ್ಲಿಂದ ಬಂತು? ಗಾಣದಾಗ ತೆಗೆಸಿದ ಹಸಿ ಎಣ್ಣಿನ ಬೇಕು ಅನ್ನೋದು ಇದಕ್ಕ.

ನೈಸರ್ಗಿಕ ಅನ್ನೋ ಮಾತಿನ ಬಗ್ಗೆನೂ ಒಂದು ಮಾತು ಹೇಳಬೇಕು. ಸಾವಯವ ಮಾಡೋ ನಮ್ಮ ಗೆಳೆಯರಿಗೆ ಸಿಟ್ಟು ಬರಬಹುದು, ಬರಲಿ. ಗಿಡದಿಂದ ಬಂದದ್ದೆಲ್ಲ ಬಾಯಿಗೆ ಸುರಕ್ಷಿತ ಅಲ್ಲ. ಹೊಂಗಿ ಎಣ್ಣಿ ಗಿಡದ್ದ, ತಿನ್ನೋಕ ಬರಂಗಿಲ್ಲ. ಕರಾವಳಿ ಕಡೆ ದೋಣಿಗೆ, ತೊಲಿಗೆ ಗೇರುಬೀಜದ ಸಿಪ್ಪಿ ಎಣ್ಣಿ ಹಚ್ಚತಾರ, ಹುಳ ಹತ್ತಂಗಿಲ್ಲ, ಕೆಲಸ ಗಟ್ಟಿ. ಹಸಿ ಇದ್ದಾಗ ಚರ್ಮಕ್ಕ ಹತ್ತಿದರ ಬೊಬ್ಬಿ ಏಳತಾವ. ಅದೂ ಗಿಡದ್ದ. ಬೇವಿನೆಣ್ಣಿ ಕಹಿ, ನಾತ, ಮ್ಯಾಲ ಒಣಗೋದೂ ಇಲ್ಲ. ಕೂರಿಗಿಗೆ, ಅಟ್ಟದ ಜಂತಿಗೆ ಹೊಂಗಿ, ಬೇವು ಹಚ್ಚೋದಕ್ಕ ನನ್ನ ಒಪ್ಪಿಗಿ ಐತಿ, ಸುಟ್ಟ ಆಯಿಲ್‌ಗಿಂತ ಸಾವಿರ ಪಾಲು ಚಲೋ. ಬಾಯಿ ತಾಗೋ ಜಾಗಕ್ಕ ಮಾತ್ರ ಬ್ಯಾಡ. ನೋಡಬೇಕಾದದ್ದು ಎರಡ: ತಿನ್ನೋಕ ಬರತೈತೇನು, ಒಣಗತೈತೇನು? ಎರಡಕ್ಕೂ ಹೌದು ಅನ್ನೋ ಎಣ್ಣಿ ನಮ್ಮ ಕಡೆ ಅಗಸಿ, ಅದರ ಹಿಂದ ಕುಸುಬಿ.

ಔಷಧ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಹಚ್ಚೋರೂ ಅದಾರ. ಅದು ಕಮಟಾಗಂಗಿಲ್ಲ, ಹೊಟ್ಟಿಗೆ ಹೋದರೂ ಅಪಾಯ ಇಲ್ಲ. ಆದರ ಅದು ಪೆಟ್ರೋಲಿಯಂದು, ಯಾವತ್ತೂ ಒಣಗಂಗಿಲ್ಲ, ಪ್ರತಿ ತೊಳೆತಕ್ಕೂ ಅಷ್ಟಿಷ್ಟು ಹೋಗತೈತಿ, ಮತ್ತ ಮತ್ತ ಹಚ್ಚಬೇಕು. ತರಕಾರಿ ಹೆಚ್ಚೋ ಹಲಗಿಗೆ ನಡೀತೈತಿ.

ನಮ್ಮ ನಾಡಿನ ಕಸಬುದಾರರು ಈ ಪ್ರಶ್ನೆಗೆ ಉತ್ತರ ಹುಡುಕಿ ಎಷ್ಟೋ ಕಾಲ ಆತು. ಧಾರವಾಡ ಜಿಲ್ಲಾದ ಕಲಘಟಗಿ ತೊಟ್ಟಿಲು ಕೇಳದವರು ಯಾರದಾರ? ಸಾಗವಾನಿ ಕಟಿಗಿ, ಅದರ ಮ್ಯಾಲ ಅರಗಿನ ಬಣ್ಣ, ಕೃಷ್ಣನ ಬಾಲಲೀಲಿ, ರಾಮಾಯಣದ ಚಿತ್ರ. ಚಿತ್ರಗಾರ ಮನೆತನದವರು ಹಿಡಕೊಂಡು ಬಂದ ಕಸಬು ಅದು. ಚನ್ನಪಟ್ಟಣದ ಗೊಂಬಿನೂ ಹಂಗ. ಹಾಲೆ ಮರದ ತುಂಡು ತಿರಗೋ ಯಂತ್ರಕ್ಕ ಹಾಕಿ ಅರಗಿನ ಕಡ್ಡಿ ಒತ್ತತಾರ. ತಿಕ್ಕಾಟದ ಬಿಸಿಗೆ ಅರಗು ಕರಗಿ ಕಟಿಗಿಗೆ ಹತ್ತತೈತಿ, ಆಮ್ಯಾಲ ಎಲಿ ಒತ್ತಿ ಹೊಳಪು ಕೊಡ್ತಾರ. ಅರಗು ಒಂದು ಹುಳದಿಂದ ಬರೋದು. ಸೋಸಿದ ಅರಗನ್ನ ಮಿಠಾಯಿಗೆ, ಗುಳಿಗಿಗೆ ಹೊಳಪು ಕೊಡೋಕೂ ಬಳಸತಾರ. ಕೂಸಿನ ಕೈಗೆ ಕೊಡೋ ಸಾಮಾನು ಬಾಯಿಗೆ ಹೋಗೇ ಹೋಗತೈತಿ ಅನ್ನೋದು ಅರಗಿನ ಈ ಕೆಲಸದಾಗ ಮೊದಲಿಂದ ಲೆಕ್ಕಕ್ಕ ಬಂದೈತಿ. ಅರಗಿಗೆ ಒಂದ ದೋಷ, ಬಿಸಿ ಪಾತ್ರಿ ಇಟ್ಟರ ಕಲಿ ಬೀಳತೈತಿ. ಅದಕ್ಕ ತೊಟ್ಟಿಲಿಗೆ, ಗೊಂಬಿಗೆ ಅರಗು. ಅಡಗಿ ಸಾಮಾನಿಗೆ, ಗ್ವಾದಲಿಗೆ ಎಣ್ಣಿ.

ಈಗ ಮಾಡೋ ರೀತಿ ಬರೀತೀನಿ, ಉಳಿಸಿ ಇಟ್ಟಕೊಳ್ರಿ.

ಅಗಸಿ ಸ್ವಚ್ಛ ಮಾಡಿ ಗಾಣಕ್ಕ ಒಯ್ಯಿರಿ. 5 ಕಿಲೋ ಕಾಳಿಗೆ ಹೆಚ್ಚು ಕಡಿಮಿ ಒಂದೂವರೆ ಲೀಟರ್ ಎಣ್ಣಿ ಇಳೀತೈತಿ, ಉಳಿದ ಹಿಂಡಿ ಎತ್ತಿಗೆ ಆತು. ಎಣ್ಣಿ ಹತ್ತು ದಿನ ಅಲಗಾಡಿಸದ ಇಟ್ಟು, ತಳಕ್ಕ ಕೂತ ಗಸಿ ಬಿಟ್ಟು ಮ್ಯಾಲಿಂದು ಬಗ್ಗಿಸಿಕೊಳ್ರಿ. ಆಮ್ಯಾಲ ಅಗಲ ಬಾಯಿಯ ಗಾಜಿನ ಭರಣಿಗೆ ಹಾಕಿ, ಬಾಯಿಗೆ ತೆಳ್ಳನ ಅರಿವಿ ಕಟ್ಟಿ, ಮಾಳಿಗಿ ಮ್ಯಾಲ ಬಿಸಲಿಗೆ ಇಡ್ರಿ. ದಿನಕ್ಕೊಮ್ಮೆ ಕದಡ್ರಿ. ಮೂರು ನಾಕು ವಾರಕ್ಕ ಬಣ್ಣ ತಿಳಿ ಆಗತೈತಿ, ಎಣ್ಣಿ ಜೇನಿನತ್ತ ಹೊಳ್ಳತೈತಿ. ಹಿಂಗ ಬಿಸಲಿಗೆ ಇಟ್ಟ ಎಣ್ಣಿ ಹಸಿ ಎಣ್ಣಿಗಿಂತ ಬೇಗ ಒಣಗತೈತಿ. ಯುರೋಪಿನ ಚಿತ್ರಕಾರರು ನೂರಾರು ವರ್ಷ ಮಾಡಿದ್ದು ಇದನ್ನ. ಅವರಿಗೆ ಬಿಸಲಿನ ಬರ ಇತ್ತು, ರೋಣ ತಾಲೂಕಿನವರಿಗೆ ಏನು ಬರ? ಏಪ್ರಿಲ್, ಮೇ ತಿಂಗಳ ನಮ್ಮ ಬಿಸಲು ಇರೋವಾಗ ಕೋಬಾಲ್ಟ್ ಯಾಕ ಬೇಕು?

ಕಟಿಗಿ ಪೂರ್ತಿ ಒಣಗಿರಬೇಕು. ಹಳೇದಾದರ ತೊಳೆದು ಮೂರು ದಿನ ಒಣಗಿಸ್ರಿ. 120 ನಂಬರ್ ಸ್ಯಾಂಡ್ ಪೇಪರ್, ಆಮ್ಯಾಲ 220. ಎಳಿ ಹಿಡಿದು ಉಜ್ಜಬೇಕು, ಅಡ್ಡ ಉಜ್ಜಬಾರದು. ಒಮ್ಮೆ ಹಸಿ ಅರಿವಿಲೇ ಒರೆಸಿ ಒಣಗಿಸಿದರ ಕಟಿಗಿಯ ರೋಮ ಏಳತಾವ, ಮತ್ತ ಹಗೂರಕ ಉಜ್ಜರಿ. ಈಗ ಎಣ್ಣಿ ಹಚ್ಚರಿ, ಅರ್ಧ ತಾಸು ಬಿಡ್ರಿ, ಹೀರಿಕೊಳ್ಳದ ಎಣ್ಣಿ ಒಂದು ಹನಿನೂ ಉಳಿಯದಂಗ ಒರೆಸಿ ತಗೀರಿ. ಇಡೀ ಕೆಲಸದ ಗುಟ್ಟು ಈ ಒರೆಸೋದರಾಗ ಐತಿ. ದಪ್ಪ ಬಳಿದರ ಮ್ಯಾಲ ಚರ್ಮ ಕಟ್ಟಿ ಒಳಗ ಹಸಿ ಉಳೀತೈತಿ, ವರ್ಷ ಆದರೂ ಅಂಟು ಹೋಗಂಗಿಲ್ಲ.

ಗಾಳಿ, ಬೆಳಕು ಇರೋ ಜಾಗದಾಗ ನಾಕೈದು ದಿನ ಬಿಟ್ಟು ಎರಡನೇ ಕೈ, ಮತ್ತ ಹಂಗ ಮೂರನೇ ಕೈ. ಗ್ವಾದಲಿಗೆ ನಾಕು ಕೈ ಆದರ ಚಲೋ. ಕಡೀ ಕೈ ಆದ ಮ್ಯಾಲ ಮೂರು ವಾರ ನೀರು ತಾಗಿಸಬ್ಯಾಡ್ರಿ. ಮೂಗಿಗೆ ಎಣ್ಣಿ ವಾಸನಿ ಬರೋದು ನಿಂತರ ಅದು ಗಟ್ಟಿ ಆತು ಅಂತ ತಿಳೀರಿ. ಹೊಳಪು ಬೇಕು ಅನ್ನೋರು ಒಂದು ಪಾಲು ಜೇನುಮೇಣಕ್ಕ ನಾಕು ಪಾಲು ಎಣ್ಣಿ ಹಾಕಿ, ಬಿಸಿನೀರಿನ ಪಾತ್ರಿಯೊಳಗ ಇನ್ನೊಂದು ಪಾತ್ರಿ ಇಟ್ಟು ಕರಗಿಸಿ, ಆರಿದ ಮ್ಯಾಲ ತೆಳ್ಳಗ ತಿಕ್ಕಬಹುದು. ನೇರ ಬೆಂಕಿ ಮ್ಯಾಲ ಕರಗಿಸಬ್ಯಾಡ್ರಿ. ಅಗಸಿ ಎಣ್ಣಿ ನೆರಳಿನಾಗ ಇದ್ದ ಕಟಿಗಿಯನ್ನ ಹಳದಿ ಮಾಡತೈತಿ. ಬಿಳಿ ಕಟಿಗಿ ಬಿಳೀದ ಇರಲಿ ಅನ್ನೋರಿಗೆ ಕುಸುಬಿ ಎಣ್ಣಿ ಚಲೋ, ಅಷ್ಟು ಹಳದಿ ಆಗಂಗಿಲ್ಲ. ಆದರ ನಮ್ಮ ಹಳೇ ಮುಳ್ಳು ಕುಸುಬಿದು ಬೇಕು. ಓಲಿಕ್ ಹೆಚ್ಚಿರೋ ಹೊಸ ನಮೂನಿ ಕುಸುಬಿ ಅಡಗಿಗೆ ಚಲೋ, ಕಟಿಗಿಗೆ ಒಣಗಂಗಿಲ್ಲ.

ಎಲ್ಲಕ್ಕಿಂತ ಮುಖ್ಯದ ಮಾತು ಇಲ್ಲಿ ಬರೀತೀನಿ, ಇದನ್ನ ಬಿಟ್ಟು ಓದಬ್ಯಾಡ್ರಿ. ಅಗಸಿ ಎಣ್ಣಿ ಒರೆಸಿದ ಅರಿವಿ ಮುದ್ದಿ ಮಾಡಿ ಮೂಲಿಗೆ ಒಗೆದರ ತಾನ ಹೊತ್ತಿಕೊಳ್ಳತೈತಿ. ಕಡ್ಡಿ ಗೀರಬೇಕಾಗಿಲ್ಲ. ಎಣ್ಣಿ ಆಮ್ಲಜನಕ ಹೀರೋವಾಗ ಬಿಸಿ ಹುಟ್ಟತೈತಿ. ಹಲಗಿ ಮ್ಯಾಲ ಇದ್ದರ ಆ ಬಿಸಿ ಗಾಳಿಗೆ ಹೋಗತೈತಿ, ಮುದ್ದಿಯೊಳಗ ಇದ್ದರ ಹೋಗೋಕ ದಾರಿ ಇಲ್ಲ. ರೈತರಿಗೆ ಇದು ಹೊಸ ಸಂಗತಿ ಅಲ್ಲ, ಹಸಿ ಮೇವು ಬಣವಿ ಒಟ್ಟಿದರ ಒಳಗ ಕೈ ಇಡಲಾರದಷ್ಟು ಕಾಯೋದು ನೋಡೀವಿ. ಅಮೆರಿಕಾದ ಫಿಲಡೆಲ್ಫಿಯಾದಾಗ 1991ರ ಫೆಬ್ರವರಿ 23ರಂದು ಒನ್ ಮೆರಿಡಿಯನ್ ಪ್ಲಾಜಾ ಅನ್ನೋ 38 ಅಂತಸ್ತಿನ ಕಟ್ಟಡ ಹೊತ್ತಿ ಉರೀತು. ಗೋಡಿ ಕಟಿಗಿಗೆ ಪಾಲಿಶ್ ಮಾಡಿದವರು 22ನೇ ಅಂತಸ್ತಿನಾಗ ಬಿಟ್ಟು ಹೋದ ಇಂಥ ಎಣ್ಣಿ ಅರಿವಿಯಿಂದ ಬೆಂಕಿ ಹುಟ್ಟಿತ್ತು, ಮೂವರು ಅಗ್ನಿಶಾಮಕದವರು ತೀರಿಕೊಂಡರು. ಅಂಥ ಪಟ್ಟಣದಾಗ ಹಂಗಾದರ, ಹೊಟ್ಟು, ಕಣಕಿ ಬಣವಿ ಇರೋ ನಮ್ಮ ಹಿತ್ತಲದಾಗ ಏನಾದೀತು? ಕೆಲಸ ಮುಗಿದ ಕೂಡಲೇ ಅರಿವಿ ನೀರಾಗ ಅದ್ದರಿ, ಇಲ್ಲಾ ಒಂದೊಂದ ಬಿಡಿಸಿ ತಂತಿ ಮ್ಯಾಲ ಒಣ ಹಾಕ್ರಿ, ಇಲ್ಲಾ ಒಲಿಗೆ ಹಾಕಿ ಸುಟ್ಟುಬಿಡ್ರಿ. ದನದ ಮನಿಯೊಳಗ ಮಾತ್ರ ಬಿಡಬ್ಯಾಡ್ರಿ.

ಎಣ್ಣಿಗೆ ಆಗದ ಕೆಲಸನೂ ಅದಾವ. ಮಳಿ ಹೊಡೆಯೋ ಹೊರಬಾಗಿಲಿಗೆ ಬರೇ ಅಗಸಿ ಎಣ್ಣಿ ಸಾಲಂಗಿಲ್ಲ, ಕರಿ ಬೂಸ್ಟು ಹತ್ತತೈತಿ. ಗೆದ್ದಲಿಗೂ ಅದು ಔಷಧ ಅಲ್ಲ. ನೆಲಕ್ಕ ತಾಗೋ ಕಂಬಕ್ಕ ಕಲ್ಲಿನ ಬುನಾದಿ ಇಡೋದ ಉಪಾಯ. ದಿನಾ ನೂರಾರು ಮಂದಿ ತುಳಿಯೋ ಕಟಿಗಿ ನೆಲಕ್ಕ ಪಿಯು ಹೆಚ್ಚು ತಾಳತೈತಿ. ಎಣ್ಣಿ ಹಚ್ಚಿದ ನೆಲ ವರ್ಷಕ್ಕೊಮ್ಮೆ ಮತ್ತ ಹಚ್ಚಬೇಕು. ನಮ್ಮ ಕಡೆ ನೆಲ ಕಲ್ಲಿಂದು, ಮಣ್ಣಿಂದು. ಕಟಿಗಿ ನೆಲ ಅಂದ್ರ ಅಟ್ಟ ಅಷ್ಟ. ಅಟ್ಟದ ಮ್ಯಾಲ ಕಾಳು ಸುರುವೋರು ಅದರ ಹಲಗಿಗೆ ಏನು ಹಚ್ಚೀವಿ ಅಂತ ಒಮ್ಮೆ ನೋಡಿಕೊಳ್ರಿ, ಅಷ್ಟ ಸಾಕು.

ಇನ್ನೊಂದು ಮಾತು ಬಹಳ ಮಂದಿ ಅಂತಾರ: ವರ್ಷಾ ವರ್ಷಾ ಯಾರು ಹಚ್ಚಬೇಕ್ರೀ, ಒಮ್ಮೆ ಪಾಲಿಶ್ ಹೊಡೆಸಿದರ ಐದು ವರ್ಷ ನೋಡಂಗಿಲ್ಲ. ನನಗ ಅನಸೋದು, ಕಟಿಗಿ ಸಾಮಾನು ಕೆಡೋದ ಈ ನೋಡಂಗಿಲ್ಲ ಅನ್ನೋದರಿಂದ. ಪದರ ಒಡೆದ ಕಡೆ ನೀರು ಇಳಿದು ಒಳಗ ಕೊಳೀತೈತಿ, ಮ್ಯಾಲ ಮಿಂಚತಿರತೈತಿ. ವರ್ಷಕ್ಕೊಮ್ಮೆ ಗ್ವಾದಲಿಗೆ ಎಣ್ಣಿ ಹಚ್ಚೋವನ ಕೈಗೆ ಯಾವ ಕೀಲು ಸಡಲೈತಿ, ಯಾವ ಹಲಗಿ ಸೀಳೈತಿ ಅಂತ ತಿಳೀತೈತಿ. ಕೂರಿಗಿಗೆ ನಾವು ಬಿತ್ತಿಗಿ ಮುಂದ ಮಾಡೋದು ಅದನ್ನ ಅಲ್ಲೇನು? ಎಣ್ಣಿ ಬದಲಾಗಬೇಕು, ರೂಢಿ ಅಲ್ಲ.

ಈಗ ಹೊಲಕ್ಕ ಬಂದೆ. ಹಿಂಗಾರಿ ಜೋಳದ ಹೊಲಕ್ಕ ಸುತ್ತ ಕುಸುಬಿ, ನಡು ನಡು ಅಕ್ಕಡಿ ಸಾಲು, ಕಡ್ಲಿ ಹೊಲದಾಗ ಅಗಸಿ, ಇದು ಎರಿ ಭೂಮಿಯ ಹಳೇ ಪದ್ಧತಿ. ಕುಸುಬಿ ಮುಳ್ಳಿಗೆ ಹೆದರಿ ದನ ಒಳಗ ಬರತಿದ್ದಿಲ್ಲ, ಬೇಲಿಗೆ ಬೇಲಿ, ಎಣ್ಣಿಗೆ ಎಣ್ಣಿ. ಬಾಜೂಕಿನ ಅಣ್ಣಿಗೇರಿ ಕೃಷಿ ಸಂಶೋಧನಾ ಕೇಂದ್ರದವರು ಕುಸುಬಿ ಮ್ಯಾಲ ವರ್ಷಾನುಗಟ್ಲೆ ಕೆಲಸ ಮಾಡ್ಯಾರ. 1986ರಲ್ಲಿ ಎಣ್ಣಿಕಾಳಿನ ರಾಷ್ಟ್ರೀಯ ಮಿಷನ್ ಬಂದಾಗ ಬೆಳಿ ಏರಿತು. 1994ರಿಂದ ಪಾಮೋಲಿನ್ ಆಮದು ಮುಕ್ತ ಆತು, ಅಗ್ಗದ ಎಣ್ಣಿ ಪ್ಯಾಕೆಟ್ ಹಳ್ಳಿ ಅಂಗಡಿಗೆ ಬಂತು. ಇವತ್ತು ದೇಶ ತಿನ್ನೋ ಎಣ್ಣಿಯ ಅರ್ಧಕ್ಕಿಂತ ಹೆಚ್ಚು ಹೊರಗಿಂದ ಬರತೈತಿ. ಗಾಣ ನಿಂತವು, ಮುಳ್ಳು ಕುಸುಬಿ ಕೊಯ್ಯೋ ಆಳು ಸಿಗದಂಗಾತು, ಅಕ್ಕಡಿ ಸಾಲು ಮಾಯ ಆದವು. ಪೂರ್ತಿ ಹೊಲ ಅಗಸಿ ಹಾಕ್ರಿ ಅಂತ ನಾ ಹೇಳಂಗಿಲ್ಲ, ಕಡ್ಲಿ ಕೊಡೋ ರೊಕ್ಕ ಅದು ಕೊಡಂಗಿಲ್ಲ ಅನ್ನೋದು ನಿಮಗೂ ಗೊತ್ತು, ನನಗೂ ಗೊತ್ತು.

ಆದರ ಒಂದು ಲೆಕ್ಕ ಹಾಕ್ರಿ. ಒಂದು ಎಕರೆ ಚೌಕ ಹೊಲದ ಸುತ್ತಳತಿ ಸುಮಾರು 250 ಮೀಟರ್. ಬದುವಿನ ಗುಂಟ ಒಂದೊಂದು ಫೂಟಿಗೆ ನಾಕು ಸಾಲು ಅಗಸಿ ಹಾಕಿದರ ಜಾಗ ಹೋಗೋದು ಮೂರು ಗುಂಟೆ. ಎಕರೆಗೆ ಎರಡು ಕ್ವಿಂಟಲ್ ಅಂತ ಹಿಡಿದರೂ ಮೂರು ಗುಂಟೆಗೆ 15 ಕಿಲೋ ಕಾಳು. 5 ಕಿಲೋ ಗಾಣಕ್ಕ, ಒಂದೂವರೆ ಲೀಟರ್ ಎಣ್ಣಿ, ಒಂದು ಮನಿಯ ಗ್ವಾದಲಿ, ಕೊಣಮಿಗಿ, ಲಟ್ಟಣಿಗಿ, ತೊಟ್ಟಿಲಿಗೆ ವರ್ಷಕ್ಕ ಸಾಕಾಗಿ ಉಳೀತೈತಿ. 9 ಕಿಲೋ ಚಟ್ನಿಗೆ. ಒಂದು ಕಿಲೋ ಬೀಜಕ್ಕ. ಓಣಿಯ ನಾಕು ಮನಿ ಕೂಡಿ ಮಾಡಿದರ ಗಾಣದವಗೂ ಒಂದು ದಿನದ ಕೆಲಸ ಆತು. ಊರ ಬಡಿಗ್ಯಾರಿಗೂ ಹೇಳ್ರಿ, ಹೊಸ ಲಟ್ಟಣಿಗಿ ಮಾಡಿದಾಗ ವಾರ್ನಿಶ್ ಬ್ಯಾಡ, ಎಣ್ಣಿ ನಾ ತರ್ತೀನಿ ಅಂತ. ಪ್ಯಾಟಿ ಗಿರಾಕಿ ಇವತ್ತು ಇಂಥ ಸಾಮಾನಿಗೆ ಎರಡು ರೂಪಾಯಿ ಹೆಚ್ಚು ಕೊಡೋಕ ತಯಾರದಾನ, ಆ ರೊಕ್ಕ ಬಡಿಗ್ಯಾಗ ಬರಲಿ.

ಉತ್ತರಿ ಮಳಿ ಹದ ಕೊಟ್ಟರ ಬಿತ್ತಿಗಿ ಶುರು ಆಗತೈತಿ. ಈ ಸಲ ಕೂರಿಗಿ ಇಳಿಸಿದಾಗ ಸುಟ್ಟ ಆಯಿಲ್ ಡಬ್ಬಿನ ಗ್ವಾದಲಿ ಹತ್ರ ಒಯ್ಯಬ್ಯಾಡ್ರಿ. ಈಗಾಗಲೇ ಹಚ್ಚಿದ್ದರ ಬಿಸಿನೀರು, ಸೋಪಿನ ಪುಡಿ ಹಾಕಿ ತಿಕ್ಕಿ ತೊಳೀರಿ. ಆ ನೀರು ದನ ಕುಡಿಯೋ ಕಡೆ ಹರೀಬಾರದು. ನಾಲಿಗಿ ತಾಗೋ ಮ್ಯಾಲಿನ ಹಲಗಿ ಬದಲಿಸೋದಾದರ ಇನ್ನೂ ಚಲೋ. ನಿಮ್ಮೂರಾಗ ಇನ್ನೂ ಅಗಸಿ ಆಡೋ ಗಾಣ ಇದ್ದರ, ಹಳೇ ಮುಳ್ಳು ಕುಸುಬಿ ಬೀಜ ಯಾರ ಹತ್ರಾದರೂ ಉಳಿದಿದ್ದರ, ತಿಳಸ್ರಿ. ನಾಕು ಸಾಲಿನಷ್ಟು ಬೀಜ ಹಂಚಿಕೊಳ್ಳೋಣ.